ಮಗಳು ಫಾರೆಸ್ಟ್ರಿ ಓದ್ತೀನಿ ಅಂತಾಳೆ. ನಾಲ್ಕು ವರ್ಷ ಏನೇನು ಕಲಿಯಬೇಕು, ಗಣಿತ ಎಷ್ಟಿರುತ್ತೆ?

ಸಂಡೂರಿನ ಅಪ್ಪ
ಎಲ್ಲರಿಗೂ ನಮಸ್ಕಾರ. ನಾವು ಸಂಡೂರು ತಾಲ್ಲೂಕಿನವರು. ಮಗಳು ಪಿಯುಸಿ ಪಿಸಿಎಂಬಿ ಮುಗಿಸಿದ್ದಾಳೆ, ಸಿಇಟಿ ಬರೆದಿದ್ದಾಳೆ. ಆಪ್ಷನ್ ಎಂಟ್ರಿ ಬರುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬರಬೇಕು. ಅವಳ ಬಾಯಲ್ಲಿ ಒಂದೇ ಮಾತು: ಬಿಎಸ್ಸಿ ಫಾರೆಸ್ಟ್ರಿ. ಚಿಕ್ಕವಳಿದ್ದಾಗಿಂದ ಅವಳ ಅಜ್ಜಿ ಜೊತೆ ಗುಡ್ಡಕ್ಕೆ ಹೋಗಿ ಸೀತಾಫಲ ಕಿತ್ತು ತರುತ್ತಿದ್ದಳು. ಯಾವ ಮರ ಯಾವ ತಿಂಗಳು ಎಲೆ ಉದುರಿಸುತ್ತೆ ಅಂತ ಅವಳಿಗೆ ಬಾಯಿಪಾಠ. ಹಾಗಾಗಿ ಆಸೆ ಸುಮ್ನೆ ಹುಟ್ಟಿದ್ದಲ್ಲ ಅಂತ ನನಗೆ ಗೊತ್ತು.

ನನ್ನ ಚಿಂತೆ ಬೇರೆ. ಅವಳಿಗೆ ಗಣಿತ ಅಂದ್ರೆ ಭಯ. ಫಾರೆಸ್ಟ್ರಿ ತಗೊಂಡ್ರೆ ಗಣಿತದಿಂದ ತಪ್ಪಿಸಿಕೊಳ್ಳಬಹುದು ಅಂತ ಅಂದುಕೊಂಡಿದ್ದಾಳೆ. ಮೊನ್ನೆ ಅವಳ ಸೋದರಮಾವ ಬಂದವರು "ಅದರಲ್ಲಿ ಸರ್ವೇ ಇದೆ, ಸ್ಟ್ಯಾಟಿಸ್ಟಿಕ್ಸ್ ಇದೆ, ಅಗ್ರಿನೇ ತಗೋ" ಅಂದರು. ಅವತ್ತಿಂದ ಮನೆಯಲ್ಲಿ ಇದೇ ಗಲಾಟೆ. ಓದಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಕಡ್ಡಾಯ ವಿಷಯಗಳು ಯಾವುವು? ಕಾಡಿಗೆ ಎಷ್ಟು ದಿನ ಕಳಿಸ್ತಾರೆ? ಹೆಣ್ಣುಮಕ್ಕಳಿಗೆ ಕಷ್ಟವಾ?

ಗಂಗಾವತಿ ಭತ್ತ
ಅಗ್ರಿ ಸಿಕ್ಕರೆ ಅಗ್ರಿನೇ ತಗೊಳ್ಳಿ ಅಣ್ಣಾ. ಕೆಲಸ ಜಾಸ್ತಿ. ಫಾರೆಸ್ಟ್ರಿ ಕಾಲೇಜು ನಮ್ಮ ಭಾಗದಲ್ಲಿ ಒಂದೂ ಇಲ್ಲ.

ಶಿರಸಿಯಲ್ಲಿ ಕಲಿತವಳು
ಅಣ್ಣಾ, ನಾನು ಕೊಪ್ಪಳದವಳು. ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿದ್ದು. ಅದು 1985ರಲ್ಲಿ ಶುರುವಾಗಿದ್ದು, ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇನ್ನೊಂದು ಕೊಡಗಿನ ಪೊನ್ನಂಪೇಟೆಯಲ್ಲಿದೆ, ಅದು ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೆಳಗೆ ಬರುತ್ತೆ.

ಮೊದಲು ಗಣಿತದ ವಿಷಯಕ್ಕೆ ಬರ್ತೀನಿ. ನಿಮ್ಮ ಬಾವಮೈದುನ ಹೇಳಿದ್ದು ನಿಜ, ಗಣಿತದಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಆದ್ರೆ ಪಿಯುಸಿಯಲ್ಲಿ ಇದ್ದಂಥ ಗಣಿತ ಅಲ್ಲ. ಸ್ಟ್ಯಾಟಿಸ್ಟಿಕ್ಸ್ ಇದೆ. ಸರ್ವೇ ಇದೆ. ಮೆನ್ಸುರೇಷನ್ ಅಂತ ಒಂದು ಪೇಪರ್ ಇದೆ, ಮರ ಅಳೆಯೋ ವಿದ್ಯೆ. ನಾನು ಹೆದರಿದ್ದು ಇದಕ್ಕೇ, ಕೊನೆಗೆ ಇಷ್ಟವಾಗಿದ್ದೂ ಇದೇ. ಮರದ ಎತ್ತರ ತಿಳಿಯಬೇಕು ಅಂದ್ರೆ ಮರ ಹತ್ತಲ್ಲ. ಬುಡದಿಂದ ಇಷ್ಟು ದೂರ ಅಂತ ಅಳೆದು ನಿಲ್ಲಬೇಕು, ತುದಿಯನ್ನು ಕ್ಲೈನೋಮೀಟರ್ ಅನ್ನೋ ಕೋನ ಅಳೆಯುವ ಸಾಧನದಲ್ಲಿ ನೋಡಬೇಕು, ಕೋನ ಬರೆದುಕೊಳ್ಳಬೇಕು. ಪಿಯುಸಿಯಲ್ಲಿ ಟ್ಯಾನ್ ಥೀಟಾ ಅಂತ ಉರು ಹೊಡೆದಿದ್ದೆ. ಅದು ಯಾಕೆ ಬೇಕು ಅಂತ ಅರ್ಥವಾಗಿದ್ದು ಒಂದು ಸಾಗುವಾನಿ ಮರದ ಮುಂದೆ ನಿಂತಾಗ.

ಕಡ್ಡಾಯ ವಿಷಯಗಳು ತುಂಬಾ ಇವೆ. ಆಯ್ಕೆ ಮಾಡಿಕೊಳ್ಳೋಕೆ ಜಾಗ ಕಡಿಮೆ. ಸಿಲ್ವಿಕಲ್ಚರ್ ಅಂದ್ರೆ ಮರ ಬೆಳೆಸುವ, ಕಾಡು ಸಾಕುವ ಶಾಸ್ತ್ರ, ಅದು ಬೆನ್ನುಮೂಳೆ ಇದ್ದಂಗೆ. ಡೆಂಡ್ರಾಲಜಿಯಲ್ಲಿ ಮರ ಗುರುತಿಸೋದು. ಬೀಜ ಮತ್ತು ನರ್ಸರಿ, ಮಣ್ಣು, ಪರಿಸರ ವಿಜ್ಞಾನ, ಕೀಟ, ರೋಗ, ಮರದ ತಳಿ ಅಭಿವೃದ್ಧಿ, ವನ್ಯಜೀವಿ, ಕೃಷಿ ಅರಣ್ಯ, ಕಟ್ಟಿಗೆಯ ರಚನೆ, ಕಿರು ಅರಣ್ಯ ಉತ್ಪನ್ನ, ಅರಣ್ಯ ಕಾನೂನು, ಅರ್ಥಶಾಸ್ತ್ರ, ಜಿಐಎಸ್ ಅಂದ್ರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡೋದು. ಇದರ ಮೇಲೆ ಎನ್ಎಸ್ಎಸ್ ಅಥವಾ ಎನ್‌ಸಿಸಿ. ಭಾರತ ಪ್ರವಾಸ ಅಂತ ಒಂದಿರುತ್ತೆ, ಅದೂ ಓದಿನ ಭಾಗವೇ, ಬಂದ ಮೇಲೆ ವರದಿ ಬರೆಯಬೇಕು.

ಪಠ್ಯಕ್ರಮದಲ್ಲಿ ಪ್ರತಿ ವಿಷಯದ ಮುಂದೆ 2+1 ಅಂತ ಬರೆದಿರುತ್ತಾರೆ. ನಿಮ್ಮ ಮಗಳು ಅದನ್ನು ನೋಡಿದ್ದಾಳೆ ಅಂದುಕೊಳ್ತೀನಿ. 2 ಅಂದ್ರೆ ಥಿಯರಿ ಕ್ರೆಡಿಟ್, 1 ಅಂದ್ರೆ ಪ್ರಾಕ್ಟಿಕಲ್. ಥಿಯರಿ ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ತಾಸು. ಪ್ರಾಕ್ಟಿಕಲ್ ಒಂದು ಕ್ರೆಡಿಟ್‌ಗೆ ಎರಡು ತಾಸು. ಕಾಗದದ ಮೇಲೆ 1 ಅಂತ ಕಂಡರೂ ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಗುತ್ತೆ.

ರಾಯಚೂರು ಬಿಸಿಲು
@ಗಂಗಾವತಿ ಭತ್ತ ಕೆಲಸ ಜಾಸ್ತಿ ಅಂತೀರಿ, ಅಗ್ರಿ ಓದಿದವರ ಸಂಖ್ಯೆಯೂ ಅಷ್ಟೇ ಜಾಸ್ತಿ ಇದೆಯಲ್ಲ? ನಮ್ಮ ಓಣಿಯಲ್ಲೇ ಮೂವರು ಅಗ್ರಿ ಮುಗಿಸಿ ಪರೀಕ್ಷೆ ಬರೀತಾ ಕೂತಿದ್ದಾರೆ.

ಗಂಗಾವತಿ ಭತ್ತ
ಓದಿ ಕೂತವರು ಎಲ್ಲಾ ಕೋರ್ಸಿನಲ್ಲೂ ಇದ್ದಾರೆ. ಆದ್ರೆ ಅಗ್ರಿ ಓದಿದರೆ ಹೊಲಕ್ಕಾದ್ರೂ ಉಪಯೋಗ. ನಮ್ಮ ಬಯಲುಸೀಮೆಯಲ್ಲಿ ಕಾಡು ಎಲ್ಲಿದೆ ಹೇಳಿ?

ಕಮರದ ನೆರಳು
ಕಾಡು ಎಲ್ಲಿದೆ ಅಂತ ಕೇಳ್ತೀರಾ? ಸಂಡೂರು ಗುಡ್ಡ ನೋಡಿ. ದರೋಜಿ ಕರಡಿ ಧಾಮ ನೋಡಿ. ನಿಮ್ಮದೇ ಗಂಗಾವತಿ ಹತ್ತಿರ ಬಂಕಾಪುರದಲ್ಲಿ ತೋಳಗಳಿವೆ. ಮಲೆನಾಡಿನ ಹಾಗೆ ಹಸಿರಾಗಿ ಕಾಣದಿದ್ದರೆ ಕಾಡಲ್ಲ ಅನ್ನೋದು ತಪ್ಪು. ಕುರುಚಲು ಕಾಡು, ಎಲೆ ಉದುರುವ ಕಾಡು, ಹುಲ್ಲುಗಾವಲು ಎಲ್ಲವೂ ಫಾರೆಸ್ಟ್ರಿಯ ಪಾಠದಲ್ಲೇ ಬರುತ್ತವೆ.

ಕಮರದ ಎಲೆ ಕೈಯಲ್ಲಿ ಹಿಡಿದು ನೋಡಿದ್ದೀರಾ? ಎರಡು ಎಲೆ ಬುಡದಲ್ಲಿ ಅಂಟಿಕೊಂಡು ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗಿರುತ್ತೆ. ಅದಕ್ಕೇ ಅದರ ಶಾಸ್ತ್ರೀಯ ಹೆಸರಲ್ಲಿ ಬಿನಾಟ ಅಂತ ಇದೆ, ಜೋಡಿ ಅಂತ ಅರ್ಥ. ಹಾರ್ಡ್‌ವಿಕಿಯಾ ಬಿನಾಟ. ಇದರ ಕಟ್ಟಿಗೆ ನಮ್ಮ ದೇಶದ ಅತಿ ಭಾರದ, ಅತಿ ಗಟ್ಟಿ ಕಟ್ಟಿಗೆಗಳಲ್ಲಿ ಒಂದು. ಕಲ್ಲುಗುಡ್ಡದಲ್ಲಿ, ಮಣ್ಣೇ ಇಲ್ಲದ ಕಡೆ ಬೇರು ಇಳಿಸಿ ನಿಲ್ಲುತ್ತೆ. ಇಂಥ ಮರ ಅಜ್ಜಿಯಿಂದ ಕಲಿತ ಹುಡುಗಿ ಫಾರೆಸ್ಟ್ರಿ ಓದದೆ ಇನ್ನ್ಯಾರು ಓದಬೇಕು?

ಮೇಷ್ಟ್ರು ಸಿರುಗುಪ್ಪ
ಸರ್, ಪ್ರವೇಶದ ಬಗ್ಗೆ ಎರಡು ಮಾತು. ಬಯಾಲಜಿ ಇಲ್ಲದೆ ಈ ಕೋರ್ಸು ಸಿಗಲ್ಲ, ನಿಮ್ಮ ಮಗಳದ್ದು ಪಿಸಿಎಂಬಿ ಆದ್ದರಿಂದ ತೊಂದರೆ ಇಲ್ಲ. ನಿಮಗೆ ಜಮೀನಿದ್ದರೆ ಕೃಷಿಕರ ಕೋಟಾ ಇದೆ, ಅದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಸಾಮಾನು ಇಟ್ಟು ಗುರುತಿಸು ಅಂತಾರೆ. ಸಜ್ಜೆ ಯಾವುದು ನವಣೆ ಯಾವುದು ಅಂತ ಪೇಟೆ ಮಕ್ಕಳು ತಡಬಡಾಯಿಸೋದು ಅಲ್ಲೇ. ಇನ್ನು ನಾವು 371(ಜೆ)ಗೆ, ಅಂದ್ರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ವಿಶೇಷ ಮೀಸಲಾತಿಗೆ ಬರುತ್ತೇವೆ, 70% ಸೀಟು ನಮಗೇ. ಹಾಗಾಗಿ ಶಿರಸಿಯಲ್ಲಿ ಸೀಟು ಸುಲಭ.

ಶಿರಸಿಯಲ್ಲಿ ಕಲಿತವಳು
ಮೇಷ್ಟ್ರೇ, ಕೊನೆಯದ್ದು ತಪ್ಪು. 70% ಇರೋದು ಕಲ್ಯಾಣ ಕರ್ನಾಟಕದ ಒಳಗಿನ ಸಂಸ್ಥೆಗಳಲ್ಲಿ. ಶಿರಸಿ, ಪೊನ್ನಂಪೇಟೆ ಎರಡೂ ಹೊರಗಿವೆ. ಹೊರಗಿನ ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ನಮಗೆ 8% ಮಾತ್ರ. ಆ 8% ಕೂಡ ದೊಡ್ಡ ಸಹಾಯವೇ, ನಾನು ಸೀಟು ತಗೊಂಡಿದ್ದು ಅದರಲ್ಲೇ. ಆದ್ರೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ದಾಖಲೆ ಪರಿಶೀಲನೆ ಹೊತ್ತಿಗೆ ಓಡಾಡಿದರೆ ಕಣ್ಣಲ್ಲಿ ನೀರು ಬರುತ್ತೆ.

ಮೇಷ್ಟ್ರು ಸಿರುಗುಪ್ಪ
ಹೌದು ತಂಗಿ, ನೀವು ಹೇಳಿದ್ದೇ ಸರಿ. ಒಳಗಿನದ್ದು ಹೊರಗಿನದ್ದು ಕಲಸಿಬಿಟ್ಟೆ.

ರಾಯಚೂರು ಬಿಸಿಲು
ಇದಕ್ಕೇ ನನಗೆ ಹೊಟ್ಟೆ ಉರಿಯೋದು. ರಾಯಚೂರಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜು ಇದೆ. ಫಾರೆಸ್ಟ್ರಿ ಕಾಲೇಜು ಮಾತ್ರ ಎರಡೂ ಮಳೆಕಾಡಿನಲ್ಲೇ. ಒಣಭೂಮಿಯಲ್ಲಿ ಮರ ಬೆಳೆಸೋದನ್ನ ಒಣಭೂಮಿಯಲ್ಲಿ ಕಲಿಸಬೇಕು ಅಲ್ವಾ? ನಮ್ಮ ಕಡೆ ಒಂದು ಕಾಲೇಜು ಬಂದರೆ 70% ಸೀಟು ನಮ್ಮ ಮಕ್ಕಳಿಗೇ ಸಿಗುತ್ತಿತ್ತು.

ಕಮರದ ನೆರಳು
ನೂರಕ್ಕೆ ನೂರು ಒಪ್ಪುತ್ತೇನೆ. ಗಿಡ ನೆಡೋದು ಶಿರಸಿಯಲ್ಲಿ ಒಂದು ತರ, ಇಲ್ಲಿ ಇನ್ನೊಂದು ತರ. ಅಲ್ಲಿ ಮಳೆ ವರ್ಷಕ್ಕೆ 2,000 ಮಿಲಿಮೀಟರ್ ದಾಟುತ್ತೆ. ಇಲ್ಲಿ ಬಿದ್ದ ಒಂದೊಂದು ಹನಿ ನಿಲ್ಲಿಸೋಕೆ ಗುಂಡಿ ಹೇಗೆ ತೋಡಬೇಕು, ಯಾವ ಬದಿಗೆ ಮಣ್ಣು ಹಾಕಬೇಕು ಅನ್ನೋದೇ ದೊಡ್ಡ ಪಾಠ.

ಶಿರಸಿಯಲ್ಲಿ ಕಲಿತವಳು
ಕಾಲೇಜು ಬರಲಿ, ನನ್ನದೂ ಅದೇ ಆಸೆ. ಆದ್ರೆ ಅಲ್ಲಿ ಓದಿದ್ದು ನನಗೆ ನಷ್ಟ ಆಗಲಿಲ್ಲ. ಮೊದಲ ವರ್ಷ ಉಂಬಳ ಕಾಲಿಗೆ ಹತ್ತಿ ಅತ್ತಿದ್ದೆ. ಆಮೇಲೆ ಸುಣ್ಣ, ಉಪ್ಪು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಎರಡೂ ತರದ ಕಾಡು ನೋಡಿದವರಿಗೆ ಕಣ್ಣು ಬೇರೆ ಆಗುತ್ತೆ. ಕ್ಲಾಸಲ್ಲಿ ಬಯಲುಸೀಮೆಯ ಮರದ ಹೆಸರು ಬಂದಾಗ ಮೇಷ್ಟ್ರು ನನ್ನ ಕಡೆ ತಿರುಗುತ್ತಿದ್ದರು. ತುಗ್ಗಲಿ, ದಿಂಡಿಗ, ತೂಬರೆ ಎಲ್ಲಾ ನನಗೆ ಮೊದಲೇ ಗೊತ್ತಿತ್ತಲ್ಲ. ಶಾಸ್ತ್ರೀಯ ಹೆಸರು ಮಾತ್ರ ಕಲಿಯಬೇಕಿತ್ತು.

ಹತ್ತನೇ ಕ್ಲಾಸ್ ಕನ್ನಡ ಮೀಡಿಯಂ
ಅಕ್ಕಾ, ನಾನು ಈಗ ಎರಡನೇ ವರ್ಷ ಫಾರೆಸ್ಟ್ರಿ. ನನ್ನ ಊರು ಕುಷ್ಟಗಿ ಕಡೆ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ನೋಡಿ ವಾಪಸ್ ಬಂದುಬಿಡೋಣ ಅನ್ನಿಸಿತ್ತು. ಶಾಸ್ತ್ರೀಯ ಹೆಸರು ಲ್ಯಾಟಿನ್‌ನಲ್ಲಿ ಇರುತ್ತವೆ, ಅದು ಎಲ್ಲರಿಗೂ ಹೊಸದು, ಇಂಗ್ಲಿಷ್ ಮೀಡಿಯಂನವರಿಗೂ. ಅಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ನಿಂತಿದ್ದೆವು. ಅದು ಗೊತ್ತಾದ ದಿನ ಧೈರ್ಯ ಬಂತು. ಅಂಕಲ್, ನಿಮ್ಮ ಮಗಳಿಗೆ ಇದನ್ನ ಖಂಡಿತ ಹೇಳಿ.

ಹೊಸಪೇಟೆ ಸಾಮಿಲ್ಲು
ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದ್ರೆ ಮೂವತ್ತು ವರ್ಷದಿಂದ ದಿನಾ ಕಟ್ಟಿಗೆ ಅಳೀತೀನಿ, ಗಣಿತದ ಮಾತು ಬಂದದ್ದಕ್ಕೆ ಹೇಳ್ತೀನಿ. ನಮ್ಮಲ್ಲಿ ದಿಮ್ಮಿಯ ನಡುಮಧ್ಯದ ಸುತ್ತಳತೆ ಹಿಡೀತೀವಿ. ಅದನ್ನ ನಾಲ್ಕು ಭಾಗ ಮಾಡು, ಬಂದದ್ದನ್ನ ಅದರಿಂದಲೇ ಗುಣಿಸು, ಉದ್ದದಿಂದ ಗುಣಿಸು. ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ: 48ರ ಕಾಲು 12. 12ನ್ನು 12ರಿಂದ, ಆಮೇಲೆ 10ರಿಂದ ಗುಣಿಸಿ 144ರಿಂದ ಭಾಗಿಸಿದರೆ 10 ಘನ ಅಡಿ. ಲೆಕ್ಕ ಮುಗೀತು. ಇಷ್ಟಕ್ಕೆ ಭಯ ಯಾಕೆ?

ಹತ್ತನೇ ಕ್ಲಾಸ್ ಕನ್ನಡ ಮೀಡಿಯಂ
ಕಾಕಾ, ಇದೇ ಲೆಕ್ಕ ನಮ್ಮ ಮೆನ್ಸುರೇಷನ್ ಪುಸ್ತಕದಲ್ಲಿದೆ, ಕ್ವಾರ್ಟರ್ ಗರ್ತ್ ಸೂತ್ರ ಅಂತ. ಆದ್ರೆ ಅದೇ ದಿಮ್ಮಿಯನ್ನ ಉರುಳೆ ಅಂತ ತಗೊಂಡು ಲೆಕ್ಕ ಹಾಕಿದರೆ 12.73 ಘನ ಅಡಿ ಬರುತ್ತೆ. ನಿಮ್ಮ ಲೆಕ್ಕದಲ್ಲಿ 2.73 ಬಿಟ್ಟುಹೋಯಿತು. ನೂರಕ್ಕೆ 21ಕ್ಕಿಂತ ಜಾಸ್ತಿ.

ಹೊಸಪೇಟೆ ಸಾಮಿಲ್ಲು
ಅದು ಬಿಟ್ಟುಹೋಗಿದ್ದಲ್ಲ ತಮ್ಮಾ, ಬಿಟ್ಟಿದ್ದು. ದುಂಡು ದಿಮ್ಮಿಯನ್ನ ಚೌಕ ಕೊಯ್ಯುವಾಗ ನಾಲ್ಕೂ ಕಡೆ ಸಿಪ್ಪೆ, ಹೊರಗಿನ ಪಟ್ಟಿ ಹೋಗುತ್ತೆ, ಗರಗಸ ಓಡಿದ ಕಡೆ ಹೊಟ್ಟು ಹೋಗುತ್ತೆ. ಕೈಗೆ ಸಿಗೋ ಹಲಗೆಗೆ ಹಳಬರು ಹಿಡಿದ ಲೆಕ್ಕ ಅದು.

ರಾಯಚೂರು ಬಿಸಿಲು
ಕಾಕಾ ಹೇಳಿದ್ದು ಸರಿ ಇರಬಹುದು. ಆದ್ರೆ ಮಾರುವ ರೈತನಿಗೆ ಈ ಎರಡು ಲೆಕ್ಕದ ಅಂತರ ಗೊತ್ತಿರಬೇಕು. ನನ್ನ ಬದುವಿನಲ್ಲಿದ್ದ ನಾಲ್ಕು ಬೇವಿನ ಮರ ಕೊಟ್ಟಾಗ ನನಗೆ ಯಾವ ಲೆಕ್ಕವೂ ಗೊತ್ತಿರಲಿಲ್ಲ. ಬಂದವರು ಕಣ್ಣಳತೆಯಲ್ಲಿ ಒಂದು ರೇಟು ಹೇಳಿದರು, ಕೊಟ್ಟೆ. ಒಂದು ಟೇಪು ಹಿಡಿದಿದ್ದರೆ ಎಷ್ಟು ಬರುತ್ತಿತ್ತೋ ಅಂತ ಇವತ್ತಿಗೂ ಮನಸ್ಸಲ್ಲಿ ಕುಟುಕುತ್ತೆ. ಮರ ಅಳೆಯೋಕೆ ಬರುವ ಮಗಳು ಮನೆಯಲ್ಲಿದ್ದರೆ ಅದೇ ದೊಡ್ಡ ಆಸ್ತಿ.

ಇನ್ನೊಂದು. ನಾನು ಬೇವಿನ ಬೀಜ ಆರಿಸಿ, ಒಣಗಿಸಿ, ಚೀಲದಲ್ಲಿ ಕಟ್ಟಿ ಎಂಟು ತಿಂಗಳು ಇಟ್ಟಿದ್ದೆ. ಮುಂಗಾರಿಗೆ ಹಾಕಿದೆ. ಒಂದೂ ಹುಟ್ಟಲಿಲ್ಲ. ಫಾರೆಸ್ಟ್ರಿ ಓದುವ ಹುಡುಗ ಒಬ್ಬ ಹಳ್ಳಿಗೆ ಬಂದಿದ್ದ, ಅವನು ಹೇಳಿದ: ಬೇವಿನ ಬೀಜದ ಜೀವ ಬಹಳ ಕಡಿಮೆ, ಹಣ್ಣು ಬಿದ್ದ ಎರಡು ಮೂರು ವಾರದೊಳಗೆ ಹಾಕಿಬಿಡಬೇಕು. ಇಷ್ಟು ವರ್ಷ ಬೇವಿನ ಕೆಳಗೇ ಮಲಗಿದ್ದೇನೆ, ನನಗೆ ಗೊತ್ತಿರಲಿಲ್ಲ.

ಸಂಡೂರಿನ ಅಪ್ಪ
ಎಲ್ಲರಿಗೂ ಧನ್ಯವಾದ. ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. 12.73 ಹೇಗೆ ಬಂತು ಅಂತ ಕಾಗದ ತಗೊಂಡು ಬಿಡಿಸುತ್ತಿದ್ದಾಳೆ. ಹಳ್ಳಿಗೆ ಬಂದಿದ್ದ ಹುಡುಗ ಅಂದ್ರಲ್ಲ, ಅದು ಕೋರ್ಸಿನ ಭಾಗವಾ?

ಶಿರಸಿಯಲ್ಲಿ ಕಲಿತವಳು
ಹೌದಣ್ಣಾ, ಅದೂ ಕಡ್ಡಾಯ. ನಮ್ಮ ಬ್ಯಾಚಿನಲ್ಲಿ 7ನೇ ಸೆಮಿಸ್ಟರ್ ಪೂರ್ತಿ ಕ್ಲಾಸ್‌ರೂಮಿನ ಹೊರಗೆ. ಅರಣ್ಯ ವಲಯದ ಜೊತೆ ಕೆಲಸ, ಹಳ್ಳಿಯಲ್ಲಿ ಜನರ ಜೊತೆ ಇದ್ದು ಕೆಲಸ, ಕಟ್ಟಿಗೆ ಕಾರ್ಖಾನೆಗಳಲ್ಲಿ ತರಬೇತಿ. 8ನೇ ಸೆಮಿಸ್ಟರ್‌ನಲ್ಲಿ ನಾವೇ ನರ್ಸರಿ ನಡೆಸಿ ಸಸಿ ಮಾರಿ ಲೆಕ್ಕ ಒಪ್ಪಿಸಿದೆವು. ಈಗ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಆರನೇ ಡೀನ್ ಸಮಿತಿಯ ಪಠ್ಯಕ್ರಮ ಬಂದಿದೆ, ಹಾಗಾಗಿ ಸೆಮಿಸ್ಟರ್ ಹಂಚಿಕೆ ಬದಲಾಗಿದೆ. ಶುರುವಿನಲ್ಲಿ ದೀಕ್ಷಾರಂಭ ಅಂತ ಹೊಸಬರಿಗೆ ಪರಿಚಯ ಕಾರ್ಯಕ್ರಮ ಇದೆ, ಮಧ್ಯದಲ್ಲಿ ಬಿಡಬೇಕಾದರೆ ಸರ್ಟಿಫಿಕೇಟ್, ಡಿಪ್ಲೊಮಾ ಕೊಡ್ತಾರೆ. ಪದವಿಗೆ ಮಾತ್ರ ನಾಲ್ಕೂ ವರ್ಷ ಓದಲೇಬೇಕು.

ಹೆಣ್ಣುಮಕ್ಕಳ ವಿಷಯ ಕೇಳಿದ್ದಿರಿ. ಕಾಡಿಗೆ ಹೋಗುವಾಗ ಬ್ಯಾಚ್ ಪೂರ್ತಿ ಹೋಗುತ್ತೆ, ಮೇಷ್ಟ್ರು ಜೊತೆಗಿರುತ್ತಾರೆ. ಕಷ್ಟ ಅಂದ್ರೆ ನಡಿಗೆ. ಮುಂದೆ ಐಎಫ್ಎಸ್ (ಭಾರತೀಯ ಅರಣ್ಯ ಸೇವೆ) ಬರೆಯೋದಾದರೆ ನಾಲ್ಕು ತಾಸಿನಲ್ಲಿ ಹೆಣ್ಣುಮಕ್ಕಳು 14 ಕಿಲೋಮೀಟರ್, ಗಂಡುಮಕ್ಕಳು 25 ಕಿಲೋಮೀಟರ್ ನಡೆಯಬೇಕು. ಅಜ್ಜಿ ಜೊತೆ ಗುಡ್ಡ ಹತ್ತಿದವಳಿಗೆ ಇದು ಲೆಕ್ಕಕ್ಕಿಲ್ಲ.

ಗಂಗಾವತಿ ಭತ್ತ
ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಹುದ್ದೆ ಫಾರೆಸ್ಟ್ರಿಯವರಿಗೆ ಮಾತ್ರವಾ? ಹಾಗಿದ್ದರೆ ನನ್ನ ಮಾತು ವಾಪಸ್ ತಗೊಳ್ತೀನಿ.

ಶಿರಸಿಯಲ್ಲಿ ಕಲಿತವಳು
ಮಾತ್ರ ಅಲ್ಲ. ಫಾರೆಸ್ಟ್ರಿ ಪದವೀಧರರಿಗೆ ಒಂದು ಪಾಲು ಇದೆ, ಉಳಿದದ್ದಕ್ಕೆ ಬೇರೆ ಪದವೀಧರರೂ ಬರೀತಾರೆ. ಆ ಪಾಲಿಗಾಗಿ ಶಿರಸಿ, ಪೊನ್ನಂಪೇಟೆ ವಿದ್ಯಾರ್ಥಿಗಳು ಕ್ಲಾಸು ಬಿಟ್ಟು ಧರಣಿ ಕೂತಿದ್ದಾರೆ. ನಾಲ್ಕು ವರ್ಷ ಕಾಡನ್ನೇ ಓದಿದವರಿಗೆ ಕಾಡಿನ ಕೆಲಸದಲ್ಲಿ ಮೊದಲ ಹಕ್ಕು ಇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬರೀ ಇಲಾಖೆ ನಂಬಿಕೊಂಡು ಈ ಕೋರ್ಸಿಗೆ ಬರಬೇಡಿ ಅಂತಲೂ ಹೇಳ್ತೀನಿ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಫಾರೆಸ್ಟ್ರಿ ಪದವಿ ನಡೆಯುತ್ತೆ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ನನ್ನ ಗೆಳತಿಯರಲ್ಲಿ ಇಬ್ಬರು ಬ್ಯಾಂಕಿನಲ್ಲಿದ್ದಾರೆ.

ಕಮರದ ನೆರಳು
ಸಂಡೂರಿನವರಿಗೆ ಇನ್ನೊಂದು ಕಾರಣ ಇದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಹಾಳಾದ ನೆಲ ಸರಿಮಾಡುವ ಯೋಜನೆ ಇರಲೇಬೇಕು ಅಂತಾಯಿತು. ಗಣಿಯ ಮಣ್ಣಿನ ದಿಬ್ಬ ನೋಡಿದ್ದೀರಲ್ಲ. ಕೆಂಪು ಪುಡಿ, ಸಾರ ಇಲ್ಲ, ಒಂದು ಮಳೆಗೆ ಜಾರಿ ಹಳ್ಳಕ್ಕೆ ಇಳಿಯುತ್ತೆ. ಅದರ ಮೇಲೆ ಗಿಡ ನಿಲ್ಲಿಸಬೇಕು ಅಂದ್ರೆ ಮೊದಲು ಇಳಿಜಾರು ಕಡಿಮೆ ಮಾಡಬೇಕು, ನೀರಿಗೆ ದಾರಿ ಕೊಡಬೇಕು, ಹುಲ್ಲು ಹಿಡಿಸಬೇಕು, ಆಮೇಲೆ ಹೊಂಗೆ, ಬೇವು, ಕಮರ. ಇದಕ್ಕೆ ಮಣ್ಣು, ಸರ್ವೇ, ಬೀಜ ಮೂರೂ ಗೊತ್ತಿರಬೇಕು. ಯಾವುದನ್ನ ಕಡ್ಡಾಯ ಅಂತ ಮಕ್ಕಳು ಗೊಣಗುತ್ತಾರೋ ಅದೇ ಇಲ್ಲಿ ಕೆಲಸಕ್ಕೆ ಬರೋದು.

ಮೇಷ್ಟ್ರು ಸಿರುಗುಪ್ಪ
ಬಳ್ಳಾರಿ ಜಾಲಿ ಹಾಕಿಬಿಟ್ಟರೆ ತಾನೇ ಬೆಳೆಯುತ್ತೆ ಬಿಡಿ. ನೀರೂ ಬೇಡ, ಗೊಬ್ಬರವೂ ಬೇಡ.

ಕಮರದ ನೆರಳು
ಮೇಷ್ಟ್ರೇ, ದಯವಿಟ್ಟು ಬೇಡ! ನಮ್ಮ ಊರಿನ ಹೆಸರು ಹೊತ್ತಿದೆಯೇ ಹೊರತು ಅದು ನಮ್ಮ ಗಿಡ ಅಲ್ಲ, ಅಮೆರಿಕ ಖಂಡದ್ದು. ಕುರಿ ಮೇಕೆ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಹಾಕುತ್ತವೆ. ಒಮ್ಮೆ ಹಿಡಿದರೆ ಹುಲ್ಲು ಹೋಯಿತು, ಕೆರೆಯಂಗಳ ಹೋಯಿತು.

ರಾಯಚೂರು ಬಿಸಿಲು
ಹಾಗಂತ ಪೂರ್ತಿ ಬೈಯಬೇಡಿ. ಬರಗಾಲದಲ್ಲಿ ಒಲೆ ಉರಿಸಿದ್ದು ಅದೇ. ಇದ್ದಿಲು ಸುಟ್ಟು ಬದುಕಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಕಮರದ ನೆರಳು
ಅದೂ ನಿಜ. ಇದ್ದಿದ್ದನ್ನ ಕಡಿದು ಉರಿಸಲಿ, ಹೊಸದಾಗಿ ನೆಡೋದು ಬೇಡ ಅನ್ನೋದಷ್ಟೇ ನನ್ನ ಮಾತು.

ಗಂಗಾವತಿ ಭತ್ತ
ಶ್ರೀಗಂಧ ಹಾಕಬೇಕು ಅಂತ ನನಗೂ ಆಸೆ ಇದೆ. ಅದಕ್ಕೆ ಪಕ್ಕದಲ್ಲಿ ಬೇರೆ ಗಿಡ ಇರಲೇಬೇಕಂತೆ, ಹೌದಾ?

ಹತ್ತನೇ ಕ್ಲಾಸ್ ಕನ್ನಡ ಮೀಡಿಯಂ
ಹೌದು. ಶ್ರೀಗಂಧ ಅರೆ ಪರಾವಲಂಬಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿ ಆಹಾರ ಎಳೆದುಕೊಳ್ಳುತ್ತೆ. ಸಣ್ಣದಿದ್ದಾಗ ತೊಗರಿ ಒಳ್ಳೆಯ ಜೊತೆಗಾರ. ನಮ್ಮ ಕಡೆ ತೊಗರಿಗೇನು ಬರ? 2001ರ ತಿದ್ದುಪಡಿ ಆದ ಮೇಲೆ ನಿಮ್ಮ ಜಮೀನಿನ ಶ್ರೀಗಂಧ ನಿಮ್ಮದೇ. ಇದನ್ನ ಕಾನೂನು ಪೇಪರ್‌ನಲ್ಲಿ ಓದಿದೆ, ಅಪ್ಪನಿಗೆ ಅವತ್ತೇ ಫೋನ್ ಮಾಡಿ ಹೇಳಿದೆ.

ಗಂಗಾವತಿ ಭತ್ತ
ಸರಿ ಅಣ್ಣಾ, ನಾನು ಸೋತೆ. ಮಗಳನ್ನ ಕಳಿಸಿ. ಬಳ್ಳಾರಿಯಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಶಿರಸಿಗೆ ಬಸ್ಸು. ದೂರ ಏನಲ್ಲ.

ಸಂಡೂರಿನ ಅಪ್ಪ
ಮೂರು ದಿನ ಈ ಕಡೆ ಬರೋಕೆ ಆಗಲಿಲ್ಲ. ಮೊದಲು ಸುದ್ದಿ ಹೇಳ್ತೀನಿ. ಆಪ್ಷನ್ ಪಟ್ಟಿಯಲ್ಲಿ ಶಿರಸಿ ಮೊದಲು, ಪೊನ್ನಂಪೇಟೆ ಎರಡನೆಯದು ಅಂತ ಬರೆದಿಟ್ಟುಕೊಂಡಿದ್ದಾಳೆ. ಅಗ್ರಿ ಆಮೇಲೆ. ಎಸಿ ಕಚೇರಿಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಬಂದೆ. ಸೋದರಮಾವನನ್ನು ಅವಳೇ ಕೂರಿಸಿಕೊಂಡು 2+1 ಅಂದ್ರೇನು ಅಂತ ವಿವರಿಸಿದಳು. ಅವರು ಒಪ್ಪಿದರೋ ಇಲ್ಲವೋ, ಸುಮ್ಮನಂತೂ ಆದರು.

ಇನ್ನೊಂದು ಪ್ರಶ್ನೆ ಅವಳದ್ದು. ಮನೆ ಹಿಂದೆ ಗುಡ್ಡದ ಇಳಿಜಾರಿನಲ್ಲಿ ಒಂದು ಕಮರ ಇದೆ. ಅವರ ಅಮ್ಮನ ಹೊಲಿಗೆ ಟೇಪು ತಗೊಂಡು ಅಳೆಯೋಕೆ ಹೋಗಿದ್ದಳು. ನೆಲದಿಂದ ಎಷ್ಟು ಎತ್ತರದಲ್ಲಿ ಸುತ್ತಳತೆ ಹಿಡಿಯಬೇಕು?

ಮೇಷ್ಟ್ರು ಸಿರುಗುಪ್ಪ
1.3 ಮೀಟರ್. ಎದೆಯೆತ್ತರ ಅಂತಾರೆ.

ಹತ್ತನೇ ಕ್ಲಾಸ್ ಕನ್ನಡ ಮೀಡಿಯಂ
ಮೇಷ್ಟ್ರೇ, ಹೊರದೇಶಗಳಲ್ಲಿ 1.3 ಇಟ್ಟುಕೊಳ್ಳುವವರು ಇದ್ದಾರೆ. ನಮ್ಮ ದೇಶದಲ್ಲಿ 1.37 ಮೀಟರ್, ನಾಲ್ಕೂವರೆ ಅಡಿ. ಪರೀಕ್ಷೆಯಲ್ಲಿ 1.3 ಅಂತ ಬರೆದು ಅಂಕ ಕಳೆದುಕೊಂಡಿದ್ದೇನೆ.

ಸಂಡೂರಿನ ಅಪ್ಪ
ಇಳಿಜಾರು ಇದೆಯಲ್ಲ ತಮ್ಮಾ. ಮೇಲಿನ ಬದಿಯಿಂದ ಅಳೆದರೆ ಒಂದು ಜಾಗ, ಕೆಳಗಿನ ಬದಿಯಿಂದ ಅಳೆದರೆ ಇನ್ನೊಂದು ಜಾಗ ಬರುತ್ತಂತೆ.

ಶಿರಸಿಯಲ್ಲಿ ಕಲಿತವಳು
ಮೇಲಿನ ಬದಿಯಿಂದ, ಅಣ್ಣಾ. ಇಳಿಜಾರಿನಲ್ಲಿ ಯಾವಾಗಲೂ ಗುಡ್ಡದ ಮೇಲಿನ ಬದಿಗೆ ನಿಂತು 1.37 ಅಳೆಯಬೇಕು. ಟೇಪು ಓರೆ ಆಗಬಾರದು. ತೊಗಟೆ ಕಳಚಿಕೊಂಡು ಸಡಿಲ ಇದ್ದರೆ ಕೈಯಿಂದ ಒರೆಸಿ ಆಮೇಲೆ ಸುತ್ತಬೇಕು. ಈ ಪ್ರಶ್ನೆ ನಮ್ಮ ಮೇಷ್ಟ್ರು ಎರಡನೇ ವರ್ಷದಲ್ಲಿ ಕೇಳಿದ್ದು. ಅವಳು ಸೀಟು ಸಿಗೋಕೆ ಮೊದಲೇ ಕೇಳಿದ್ದಾಳೆ ಅಂತ ತುಂಬಾ ಖುಷಿ ಆಯಿತು.

ಸಂಡೂರಿನ ಅಪ್ಪ
ಮತ್ತೆ ಹೋಗಿ ಅಳೆದು ಬಂದಳು. ಸುತ್ತಳತೆ 112 ಸೆಂಟಿಮೀಟರ್. 3.14ರಿಂದ ಭಾಗಿಸಿ ವ್ಯಾಸ 35.67 ಅಂತ ಗೋಡೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ.